ಸೂರಿನಡಿಯ ಸಂಸಾರ

ಸಾಂಬ್ರಾ ಎಂದೊಡನೆ ಬೆಳಗಾವಿಯ ಸುತ್ತಣ ಜನರಿಗೆ ವಿಮಾನ ನೆನಪಾಗುತ್ತದೆ. ೧೯೪೨ರಲ್ಲಿ, ಎರಡನೆಯ ಮಹಾಯುದ್ಧದ ಕಾಲಕ್ಕೆ, ಬ್ರಿಟಿಷರ ವಾಯುಪಡೆಯು ಇಲ್ಲಿ ವಿಮಾನದ ಬಯಲೊಂದನ್ನು ಸಿದ್ಧಪಡಿಸಿತು. ಅಂದಿನಿಂದ ಈ ಊರಿನವರಿಗೆ ತಲೆಯೆತ್ತಿ ಆಕಾಶವನ್ನು ನೋಡುವ ಅಭ್ಯಾಸ ಬೆಳೆದುಬಂದಿದೆ. ಆದರೆ ತಲೆಯನ್ನು ಅಷ್ಟು ದೂರ ಎತ್ತದೆ, ಮನೆಯ ಸೂರಿನವರೆಗೆ ಮಾತ್ರ ಎತ್ತಿ ನೋಡಿದರೂ ಹಾರಾಟದ ಮತ್ತೊಂದು ನೆಲೆ ನಮ್ಮ ಕಣ್ಣಿಗೆ ಬೀಳುವುದುಂಟು. ಹಂಚಿನ ಕೆಳಗೆ, ಕಿಟಕಿಯ ಚೌಕಟ್ಟಿನ ಮೂಲೆಯಲ್ಲಿ, ದನದ ಕೊಟ್ಟಿಗೆಯ ತೊಲೆಯಲ್ಲಿ ಬೂದುಬಣ್ಣದ ಒಂದು ಗೂಡು ಸಣ್ಣ ತೊಟ್ಟಿನಿಂದ ನೇತಾಡುತ್ತಿರುತ್ತದೆ. ಅದರ ಮೇಲೆ ಹತ್ತಿಪ್ಪತ್ತು ಕೆಂಗಂದು ಬಣ್ಣದ ಹುಳುಗಳು ರೆಕ್ಕೆ ಮಡಿಚಿಕೊಂಡು ಕುಳಿತಿರುತ್ತವೆ. ಒಂದೊಂದೂ ಸುಮಾರು ಅರ್ಧ ಅಂಗುಲ ಉದ್ದ. ಹೊಟ್ಟೆಗೆ ಹಳದಿಯ ಒಂದು ಪಟ್ಟಿ.

ಇದೇ ಕಣಜ. ಕಡಜವೆಂದು ಕರೆಯುವವರೂ ಉಂಟು. ಈ ಭಾಗದ ಮರಾಠಿ ಮಾತಿನವರಿಗೆ ಅದು ಗಾಂಧೀಲ ಮಾಶಿ. ಹೆಸರು ಯಾವುದಾದರೂ ಆಗಲಿ, ಅದನ್ನು ಕಂಡಾಗ ಮನೆಯ ಹಿರಿಯಾಕೆಯ ಬಾಯಿಂದ ಬರುವ ಮಾತು ಮಾತ್ರ ಸಾಮಾನ್ಯವಾಗಿ ಒಂದೇ: “ತಮ್ಮಾ, ಸಂಜೀಮುಂದ ಒಂದು ಪಂಜು ಹಚ್ಚಿ ಸುಟ್ಟಬಿಡು.” ಹುಡುಗರು ಆಡುವ ಅಂಗಳದಲ್ಲಿ ಕುಟುಕುವ ಹುಳುವಿನ ಗೂಡು ಇರಬಾರದೆಂಬ ಆಕೆಯ ಕಳವಳವನ್ನು ತಪ್ಪೆನ್ನಲಾಗದು. ಆದರೂ ಪಂಜು ಹಚ್ಚುವ ಮುನ್ನ ಈ ಹುಳುವಿನ ಕಥೆಯನ್ನಿಷ್ಟು ಕೇಳಬೇಕೆಂದು ವಾಚಕರಲ್ಲಿ ನಮ್ಮ ವಿನಂತಿ. ಏಕೆಂದರೆ ಇದೇ ಬಗೆಯ ಗೂಡುಗಳನ್ನು ನಮ್ಮ ನಾಡಿನಲ್ಲಿಯೇ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನೋಡುತ್ತ ಕುಳಿತ ವಿಜ್ಞಾನಿಗಳು, ಜೀವಶಾಸ್ತ್ರದ ಒಂದು ಹಳೆಯ ಒಗಟಿನ ಎಳೆಗಳನ್ನು ಇಲ್ಲಿ ಬಿಡಿಸಿ ತೋರಿಸಿದ್ದಾರೆ.

ಒಂಟಿ ಬಾಳಿನ ಕುಂಬಾರ ಹುಳು

ಕೂಡಿ ಬಾಳುವ ಕಣಜವನ್ನು ಅರಿಯಬೇಕಾದರೆ, ಅದರ ದಾಯಾದಿಯಾದ ಒಂಟಿ ಕಣಜವನ್ನು ಮೊದಲು ನೋಡಬೇಕು. ಗೋಡೆಯ ಮೇಲೆ, ಬಾಗಿಲ ಸಂದಿನಲ್ಲಿ ಹಸಿ ಮಣ್ಣಿನ ಪುಟ್ಟ ಮಡಕೆಯನ್ನು ಕಟ್ಟುವ ಕುಂಬಾರ ಹುಳುವನ್ನು ನೋಡದವರು ಯಾರು? ಈ ಹುಳು ಮಣ್ಣನ್ನು ಉಂಡೆಯುಂಡೆಯಾಗಿ ಹೊತ್ತು ತಂದು ಗೂಡನ್ನು ಕಟ್ಟುತ್ತದೆ. ಅನಂತರ ಎಲೆ ತಿನ್ನುವ ಹಸಿರು ಹುಳವೊಂದನ್ನು ಹಿಡಿದು, ಕೊಂಡಿಯಿಂದ ಚುಚ್ಚಿ, ಅದು ಸಾಯದೆಯೂ ಅಲುಗಾಡದೆಯೂ ಇರುವಂತೆ ಮಾಡಿ, ಗೂಡಿನೊಳಗೆ ತುಂಬುತ್ತದೆ. ಜೊತೆಗೆ ತನ್ನದೊಂದು ಮೊಟ್ಟೆಯನ್ನಿಟ್ಟು ಬಾಯಿಯನ್ನು ಮಣ್ಣಿನಿಂದ ಮುಚ್ಚಿ ಹಾರಿಹೋಗುತ್ತದೆ. ಮೊಟ್ಟೆಯೊಡೆದು ಬಂದ ಮರಿ ಆ ಹಸಿರು ಹುಳವನ್ನು ತಿಂದು ಬೆಳೆದು, ಕೊನೆಗೊಂದು ದಿನ ರೆಕ್ಕೆ ಮೂಡಿದ ಕಣಜವಾಗಿ ಮಣ್ಣನ್ನು ಕೊರೆದು ಹೊರಬರುತ್ತದೆ.

ಒಳಕ್ಕೆ ಹೋದದ್ದು ಹಸಿರು ಹುಳು, ಹೊರಕ್ಕೆ ಬಂದದ್ದು ಕಣಜ. ಇದನ್ನು ಕಂಡ ನಮ್ಮ ಹಿರಿಯರು, ಹುಳುವು ಕಣಜವನ್ನೇ ಧ್ಯಾನಿಸುತ್ತ ಕಣಜವೇ ಆಗಿಬಿಟ್ಟಿತೆಂದು ಭಾವಿಸಿ ಭ್ರಮರಕೀಟ ನ್ಯಾಯವೆಂಬ ದೃಷ್ಟಾಂತವನ್ನು ಹೇಳಿದರು. ವೇದಾಂತಕ್ಕೆ ಆ ದೃಷ್ಟಾಂತ ಎಷ್ಟು ಒಪ್ಪುವುದೋ ಬೇರೆ ಮಾತು. ಗೂಡಿನೊಳಗೆ ನಡೆಯುವ ವ್ಯವಹಾರ ಮಾತ್ರ ಧ್ಯಾನವಲ್ಲ, ಭೋಜನ.

ಇಲ್ಲಿ ನಾವು ಗಮನಿಸಬೇಕಾದುದೇನೆಂದರೆ, ಈ ತಾಯಿ ತನ್ನ ಮಕ್ಕಳಿಗಾಗಿ ತಾನೇ ದುಡಿಯುತ್ತಾಳೆ. ಮಕ್ಕಳ ಮುಖವನ್ನು ನೋಡುವುದಿಲ್ಲ. ಅವಳಿಗೆ ನೆರವಾಗುವವರೂ ಇಲ್ಲ, ಅವಳು ನೆರವಾಗುವವರೂ ಇಲ್ಲ. ಕೀಟಗಳಲ್ಲಿ ಬಹುಪಾಲು ಹೀಗೆಯೇ ಒಂಟಿಯಾಗಿ ಬಾಳುತ್ತವೆ.

ಸಮಾಜವೆಂದರೇನು?

ಬರಿಯ ಗುಂಪು ಸಮಾಜವಲ್ಲ. ದೀಪಕ್ಕೆ ಮುತ್ತುವ ಹುಳುಗಳು ಗುಂಪಾಗಿವೆ, ಆದರೆ ಅವುಗಳಿಗೆ ಪರಸ್ಪರ ಸಂಬಂಧವಿಲ್ಲ. ಒಂದು ಕೀಟವನ್ನು ನಿಜವಾದ ಸಮಾಜಜೀವಿಯೆಂದು ಕರೆಯಬೇಕಾದರೆ ಶಾಸ್ತ್ರಜ್ಞರು ಮೂರು ಲಕ್ಷಣಗಳನ್ನು ಕೇಳುತ್ತಾರೆ. ಮೊದಲನೆಯದು, ಹಲವರು ಕೂಡಿ ಮರಿಗಳನ್ನು ಸಾಕಬೇಕು. ಎರಡನೆಯದು, ತಾಯಿ-ಮಕ್ಕಳ ತಲೆಮಾರುಗಳು ಒಂದೇ ಗೂಡಿನಲ್ಲಿ ಒಟ್ಟಿಗೆ ಇರಬೇಕು. ಮೂರನೆಯದು, ಮೊಟ್ಟೆಯಿಡುವ ಕೆಲಸ ಕೆಲವರದೇ ಆಗಿದ್ದು, ಉಳಿದವರು ತಮ್ಮ ಸಂತಾನವನ್ನು ಬಿಟ್ಟು ದುಡಿಯುವವರಾಗಿರಬೇಕು.

ಎಲ್ಲ ಇರುವೆಗಳೂ, ಎಲ್ಲ ಗೆದ್ದಲುಗಳೂ, ಜೇನುಗಳಲ್ಲಿ ಮತ್ತು ಕಣಜಗಳಲ್ಲಿ ಕೆಲವು ಜಾತಿಗಳೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆ. ಖಾನಾಪುರದ ಕಾಡಿಗೆ ಹೋದರೆ ಈ ಎಲ್ಲ ಸಮಾಜಗಳೂ ಹತ್ತಿರ ಹತ್ತಿರದಲ್ಲಿಯೇ ಸಿಗುತ್ತವೆ. ಎತ್ತರದ ಕೊಂಬೆಯಲ್ಲಿ ಹೆಜ್ಜೇನು ತೂಗುತ್ತದೆ. ಮರದ ಪೊಟರೆಯಲ್ಲಿ ತುಡುವೆ ಅಡಗಿರುತ್ತದೆ. ಹಸಿ ಎಲೆಗಳನ್ನು ಮರಿಗಳ ನೂಲಿನಿಂದ ಹೊಲಿದು ಚಿಗಳಿ ಇರುವೆ ಮನೆ ಮಾಡಿರುತ್ತದೆ. ನೆಲದಲ್ಲಿ ಗೆದ್ದಲು ಹುತ್ತವೆಬ್ಬಿಸಿ, ಒಳಗೆ ಶಿಲೀಂಧ್ರದ ತೋಟವನ್ನು ಬೆಳೆಸುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಮೂಡುವ ರುಚಿಯಾದ ಅಣಬೆ ಆ ತೋಟದ್ದೇ ಫಲ.

ಇವುಗಳಲ್ಲೆಲ್ಲ ಒಂದು ವ್ಯತ್ಯಾಸವನ್ನು ನೆನಪಿಡಬೇಕು. ಗೆದ್ದಲಿನ ಸಮಾಜದಲ್ಲಿ ರಾಜ-ರಾಣಿ ಇಬ್ಬರೂ ಇರುತ್ತಾರೆ, ದುಡಿಯುವವರಲ್ಲಿ ಹೆಣ್ಣು ಗಂಡು ಎರಡೂ ಉಂಟು. ಇರುವೆ, ಜೇನು, ಕಣಜಗಳಲ್ಲಿ ದುಡಿಮೆಯೆಲ್ಲ ಹೆಣ್ಣಿನದೇ.

ಡಾರ್ವಿನನಿಗೆ ಎದುರಾದ ತೊಡಕು

೧೮೫೯ರಲ್ಲಿ ಡಾರ್ವಿನನು ನೈಸರ್ಗಿಕ ಆಯ್ಕೆಯ ತತ್ತ್ವವನ್ನು ಮಂಡಿಸಿದಾಗ, ತನ್ನ ವಾದಕ್ಕೆ ಬಲವಾದ ಅಡ್ಡಿಯೆಂದು ತಾನೇ ಒಪ್ಪಿಕೊಂಡ ಸಂಗತಿಗಳಲ್ಲಿ ಇದೂ ಒಂದು. ಯಾವ ಗುಣವು ಹೆಚ್ಚು ಸಂತಾನವನ್ನು ಉಳಿಸಿ ಹೋಗಲು ನೆರವಾಗುವುದೋ ಆ ಗುಣವು ಮುಂದಿನ ಪೀಳಿಗೆಗೆ ಹರಡುತ್ತದೆಂಬುದು ಅವನ ತತ್ತ್ವದ ತಿರುಳು. ಹಾಗಾದರೆ ಬಂಜೆಯಾಗಿ ದುಡಿದು ಸಾಯುವ ಕೀಟದ ಗುಣವು ಹೇಗೆ ಹರಡಿತು? ಮಕ್ಕಳೇ ಇಲ್ಲದವಳ ಸ್ವಭಾವ ಯಾರಿಗೆ ಬಂದೀತು? ಆಯ್ಕೆಯು ಒಂಟಿ ಜೀವಿಯ ಮೇಲಲ್ಲದೆ ಕುಟುಂಬದ ಮೇಲೆಯೂ ನಡೆಯಬಹುದೆಂಬುದು ಅವನು ಕೊಟ್ಟ ಉತ್ತರ. ದಾರಿ ಸರಿಯಿತ್ತು, ಲೆಕ್ಕ ಮಾತ್ರ ಬಾಕಿ ಉಳಿಯಿತು.

ಈ ಲೆಕ್ಕವನ್ನು ಜೇನಿನಲ್ಲಿ ಪರೀಕ್ಷಿಸುವುದು ಕಷ್ಟ. ಜೇನುಗೂಡಿನ ದುಡಿಮೆಯ ಹುಳುವಿನ ಶರೀರವೇ ಬೇರೆ, ರಾಣಿಯ ಶರೀರವೇ ಬೇರೆ. ದುಡಿಮೆಯ ಹುಳು ಗಂಡನ್ನು ಕೂಡಲಾರದು. ರಾಣಿ ಪರಾಗವನ್ನು ತರಲಾರಳು. ಲಕ್ಷಾಂತರ ವರ್ಷಗಳ ಹಿಂದೆಯೇ ತೀರ್ಪಾಗಿಹೋದ ವ್ಯಾಜ್ಯ ಅದು. ತಾಯಿಯಾಗುವುದೋ ದಾದಿಯಾಗುವುದೋ ಎಂಬ ಪ್ರಶ್ನೆ ಇನ್ನೂ ತೀರ್ಮಾನವಾಗದೆ, ಒಂದೊಂದು ಹೆಣ್ಣಿನ ಮುಂದೆಯೂ ತೆರೆದೇ ಇರುವ ಕೀಟವೊಂದು ಬೇಕು. ನಮ್ಮ ಸೂರಿನಡಿಯ ಕಣಜ ಅಂಥದು.

ಕಾಗದದ ಮನೆ

ಈ ಕಣಜದ ಶಾಸ್ತ್ರೀಯ ನಾಮ ರೊಪಾಲಿಡಿಯ ಮಾರ್ಜಿನೇಟ. ದಕ್ಷಿಣ ಭಾರತದಲ್ಲಿ ಇದು ಬಹು ಸಾಮಾನ್ಯ. ಒಣ ಕಟ್ಟಿಗೆಯ, ಗಿಡದ ನಾರನ್ನು ಹಲ್ಲಿನಿಂದ ಕೆರೆದು, ಜೊಲ್ಲಿನೊಡನೆ ಅಗಿದು, ಆ ಹಿಟ್ಟನ್ನು ತೆಳುವಾಗಿ ಹರಡಿ ಆರಿಸುತ್ತದೆ. ಹೀಗೆ ಸಿದ್ಧವಾದುದು ನಿಜವಾಗಿಯೂ ಕಾಗದವೇ. ಅದರಿಂದ ಆರು ಮೂಲೆಯ ಕೋಣೆಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟುತ್ತದೆ. ಗೂಡಿಗೆ ಹೊದಿಕೆ ಇಲ್ಲದುದರಿಂದ ಒಳಗಿನ ವ್ಯವಹಾರವೆಲ್ಲ ನೋಡುವವರ ಕಣ್ಣಿಗೆ ಬಯಲಾಗಿರುತ್ತದೆ.

ಒಂದೊಂದು ಕೋಣೆಯಲ್ಲಿ ಒಂದೊಂದು ಮೊಟ್ಟೆ. ಅದು ಒಡೆದು ಕಾಲಿಲ್ಲದ ಬಿಳಿಯ ಮರಿಹುಳು ಹೊರಬರುತ್ತದೆ. ಕುಂಬಾರ ಹುಳುವಿನಂತೆ ಇಲ್ಲಿ ಬುತ್ತಿ ಕಟ್ಟಿಟ್ಟು ಹೋಗುವುದಿಲ್ಲ. ದೊಡ್ಡವರು ಹಸಿರು ಹುಳ ಮುಂತಾದ ಮೆತ್ತನೆಯ ಕೀಟಗಳನ್ನು ಬೇಟೆಯಾಡಿ, ಅಗಿದು, ತುತ್ತು ಮಾಡಿ ದಿನದಿನವೂ ಉಣಿಸಬೇಕು. ಬೆಳೆದ ಮರಿ ತನ್ನ ಕೋಣೆಯ ಬಾಯಿಗೆ ರೇಷ್ಮೆಯಂಥ ಮುಚ್ಚಳವನ್ನು ನೇಯ್ದು, ಒಳಗೆ ಕೋಶಾವಸ್ಥೆಯನ್ನು ಕಳೆದು, ಕಣಜವಾಗಿ ಹೊರಬೀಳುತ್ತದೆ. ಮೊಟ್ಟೆಯಿಂದ ಇಲ್ಲಿಯವರೆಗೆ ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಈ ಅವಧಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಗಟಿನ ಕೀಲಿಕೈ ಇದರಲ್ಲಿಯೇ ಇದೆ.

ಹುಟ್ಟಿದುದು ಗಂಡಾದರೆ ಸುಮಾರು ಒಂದು ವಾರ ಗೂಡಿನಲ್ಲಿದ್ದು ಹೊರಟುಹೋಗುತ್ತದೆ. ಮತ್ತೆ ತಿರುಗಿ ಬರುವುದಿಲ್ಲ. ಅದಕ್ಕೆ ಕೊಂಡಿಯೂ ಇಲ್ಲ. ಹೆಣ್ಣಾದರೆ ಅವಳ ಮುಂದೆ ಹಲವು ದಾರಿಗಳಿವೆ. ಹುಟ್ಟಿದ ಗೂಡಿನಲ್ಲಿಯೇ ಉಳಿದು ಬಾಳೆಲ್ಲ ದುಡಿಯಬಹುದು. ಹೊರಟುಹೋಗಿ ಒಂಟಿಯಾಗಿ ಅಥವಾ ಇತರರೊಡನೆ ಹೊಸ ಗೂಡನ್ನು ಕಟ್ಟಬಹುದು. ಇಲ್ಲವೆ, ಕಾದಿದ್ದು, ಹಳೆಯ ರಾಣಿಯ ಸ್ಥಾನವನ್ನು ತಾನೇ ಏರಬಹುದು. ಹೊರಗಿನಿಂದ ನೋಡಿದರೆ ರಾಣಿಗೂ ಕೆಲಸದವಳಿಗೂ ಯಾವ ಭೇದವೂ ಇಲ್ಲ. ಹೊಸ ಗೂಡು ಕಟ್ಟುವುದಕ್ಕೆ ಋತುವಿನ ಕಟ್ಟುಪಾಡೂ ಇಲ್ಲ. ವರ್ಷದ ಯಾವ ತಿಂಗಳಿನಲ್ಲಿಯಾದರೂ ಕಟ್ಟುತ್ತವೆ.

ಹೀಗಿರುವಾಗ, ಬಹುಮಂದಿ ಹೆಣ್ಣುಗಳು ಮೊದಲನೆಯ ದಾರಿಯನ್ನೇ ಹಿಡಿಯುವುದೇಕೆ?

ಬಣ್ಣದ ಚುಕ್ಕೆಯಿಟ್ಟು ನೋಡಿದವರು

ಈ ಪ್ರಶ್ನೆಯನ್ನು ಹಿಡಿದು ಹೊರಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು. ಅಣುಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಇವರು ಆ ಕ್ಷೇತ್ರವನ್ನು ಬಿಟ್ಟು, ಕಣಜದ ಗೂಡಿನ ಮುಂದೆ ಕುಳಿತರು. ಬೇಕಾದ ಸಲಕರಣೆಗಳು ಬಹು ಸರಳ: ಬಣ್ಣ, ಲೇಖನಿ, ತಾಳ್ಮೆ. ಒಂದೊಂದು ಹುಳುವಿಗೂ ಬೇರೆ ಬೇರೆ ಬಣ್ಣದ ಚುಕ್ಕೆಗಳನ್ನಿಟ್ಟರೆ ಒಂದೊಂದಕ್ಕೂ ಹೆಸರಿಟ್ಟಂತಾಯಿತು. ಅನಂತರ ಯಾರು ಯಾವ ಹೊತ್ತಿನಲ್ಲಿ ಏನು ಮಾಡುತ್ತಿದ್ದಾರೆಂದು ಗಂಟೆಗಟ್ಟಲೆ ಬರೆದುಕೊಳ್ಳುತ್ತ ಹೋಗಬೇಕು.

೧೯೮೩ರಲ್ಲಿ ಗದಗಕರ್ ಅವರೂ ಎನ್. ವಿ. ಜೋಶಿಯವರೂ ಕೂಡಿ ಇಂಥ ಬರಹದ ಲೆಕ್ಕವನ್ನು ಪ್ರಕಟಿಸಿದರು. ಗೂಡಿನ ಹೆಣ್ಣುಗಳು ತಮ್ಮ ಹೊತ್ತನ್ನು ಕಳೆಯುವ ರೀತಿಯಿಂದ ಮೂರು ಪಂಗಡಗಳಾಗಿ ಒಡೆಯುತ್ತವೆಂದು ಅದರಿಂದ ತಿಳಿಯಿತು: ಕುಳಿತಿರುವವರು, ಜಗಳವಾಡುವವರು, ಆಹಾರ ತರುವವರು. ರಾಣಿ ಯಾವ ಪಂಗಡದಲ್ಲಿದ್ದಾಳು? ಜಗಳವಾಡಿ ಎಲ್ಲರನ್ನೂ ಅಡಗಿಸಿ ಆಳುವವಳೇ ರಾಣಿಯಾಗಿರಬೇಕೆಂದು ಯಾರಾದರೂ ಊಹಿಸುವರು. ಇದರ ಸೋದರ ಜಾತಿಯಾದ ರೊಪಾಲಿಡಿಯ ಸಯಾಥಿಫಾರ್ಮಿಸ್ ಎಂಬ ಕಣಜದಲ್ಲಿ ಸ್ಥಿತಿ ಹಾಗೆಯೇ ಇದೆ. ಆದರೆ ನಮ್ಮ ಕಣಜದ ರಾಣಿ ಸಿಕ್ಕಿದ್ದು ಕುಳಿತಿರುವವರ ಸಾಲಿನಲ್ಲಿ! ಆಕೆ ಯಾರ ಮೇಲೂ ಏರಿಹೋಗುವುದಿಲ್ಲ. ಸಾಧುವಾಗಿ ಮೂಲೆಯಲ್ಲಿ ಕುಳಿತು ಮೊಟ್ಟೆಯಿಡುತ್ತಾಳೆ.

ಗೂಡಿನ ಕೆಲಸದ ಮೇಲ್ವಿಚಾರಣೆಯೂ ಆಕೆಯದಲ್ಲವೆಂದು ಮುಂದಿನ ಪ್ರಯೋಗಗಳಿಂದ ತಿಳಿಯಿತು. ಎಳೆಯರು ಮೊದಲು ಮರಿಗಳಿಗೆ ಉಣಿಸುತ್ತಾರೆ, ಆಮೇಲೆ ಗೂಡು ಕಟ್ಟುತ್ತಾರೆ; ವಯಸ್ಸಾದಂತೆ ನಾರು ತರಲು, ಕೊನೆಗೆ ಬೇಟೆಗೆ ಹೊರಡುತ್ತಾರೆ. ಯಾರು ಯಾವಾಗ ಹೊರಡಬೇಕೆಂಬುದನ್ನು ಕೆಲಸದವರೇ ತಮ್ಮತಮ್ಮೊಳಗಿನ ತಳ್ಳಾಟದಿಂದ ಗೊತ್ತುಮಾಡಿಕೊಳ್ಳುತ್ತಾರೆ. ಅತ್ತೆ ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದರೂ ಮನೆಯ ಕೆಲಸ ಸೊಸೆಯಂದಿರ ನಡುವೆ ಸಾಗುತ್ತಿರುವಂತೆ.

ರಾಣಿಯನ್ನು ತೆಗೆದರೆ

ಆದರೆ ಆ ಸಾಧುವಾದ ರಾಣಿಯನ್ನು ಗೂಡಿನಿಂದ ಎತ್ತಿಬಿಟ್ಟರೆ ನಡೆಯುವ ಘಟನೆ ವಿಸ್ಮಯಕರವಾದುದು. ಕೆಲವೇ ನಿಮಿಷಗಳಲ್ಲಿ, ಅದುವರೆಗೆ ಎಲ್ಲರಂತೆ ಇದ್ದ ಒಬ್ಬ ಕೆಲಸದವಳು, ಒಬ್ಬಳೇ ಒಬ್ಬಳು, ಇದ್ದಕ್ಕಿದ್ದಂತೆ ಉಗ್ರಳಾಗಿ ಕಂಡಕಂಡವರ ಮೇಲೆ ಬೀಳತೊಡಗುತ್ತಾಳೆ. ಹಳೆಯ ರಾಣಿಯನ್ನು ತಿರುಗಿ ತಂದು ಬಿಟ್ಟರೆ ಆ ಉಗ್ರತೆ ಇಳಿದುಹೋಗಿ, ಆಕೆ ಮತ್ತೆ ಕೆಲಸದವಳಾಗುತ್ತಾಳೆ. ತಾರದಿದ್ದರೆ ಅವಳ ಕೋಪ ದಿನದಿನಕ್ಕೆ ಕಡಿಮೆಯಾಗುತ್ತದೆ, ಅಂಡಾಶಯ ಬೆಳೆಯುತ್ತದೆ, ಸುಮಾರು ಒಂದು ವಾರದಲ್ಲಿ ಮೊಟ್ಟೆಯಿಡಲು ತೊಡಗಿ, ತಾನೂ ಸಾಧುವಾದ ರಾಣಿಯಾಗಿಬಿಡುತ್ತಾಳೆ.

ಮುಂದಿನ ರಾಣಿ ಇವಳೇ ಎಂದು ಮೊದಲೇ ಹೇಳಬಹುದೇ? ಗಾತ್ರವನ್ನು ನೋಡಿದರು, ನಡತೆಯನ್ನು ನೋಡಿದರು, ಜಗಳದಲ್ಲಿ ಗೆಲ್ಲುವವರ ಸಾಲನ್ನು ನೋಡಿದರು. ಯಾವ ಗುರುತೂ ಸಿಗಲಿಲ್ಲ. ನಮಗೆ ತಿಳಿಯದಿದ್ದರೆ ಹೋಗಲಿ, ಕಣಜಗಳಿಗೆ ತಿಳಿದಿದೆಯೇ?

ಇದನ್ನು ಪರೀಕ್ಷಿಸಲು ಅನಿಂದಿತಾ ಭದ್ರಾ ಮತ್ತು ಗದಗಕರ್ ಅವರು ಮಾಡಿದ, ೨೦೦೮ರಲ್ಲಿ ಪ್ರಕಟವಾದ ಪ್ರಯೋಗವು ಬಹಳ ಜಾಣತನದ್ದು. ಒಂದು ಗೂಡನ್ನು ಎರಡಾಗಿ ಕತ್ತರಿಸಿ, ನಡುವೆ ತಂತಿಯ ಜಾಲರಿಯನ್ನಿಟ್ಟು, ಹುಳುಗಳನ್ನು ಗೊತ್ತುಗುರಿಯಿಲ್ಲದೆ ಎರಡೂ ಬದಿಗೆ ಹಂಚಿದರು. ರಾಣಿ ಒಂದು ಬದಿಗೆ ಬಂದಳು. ರಾಣಿಯಿಲ್ಲದ ಬದಿಯಲ್ಲಿ ಒಬ್ಬಳು ಉಗ್ರಳಾಗಿ ಎದ್ದಳು. ಈಗ ರಾಣಿಯನ್ನು ಅತ್ತ, ಇವಳನ್ನು ಇತ್ತ ಬದಲಾಯಿಸಿದರು. ಕೆಲವು ಗೂಡುಗಳಲ್ಲಿ ಹೊಸ ಬದಿಯವರೂ ಇವಳನ್ನು ಒಪ್ಪಿಕೊಂಡರು. ಬೇರೆ ಕೆಲವು ಗೂಡುಗಳಲ್ಲಿ ಇವಳ ಆಟ ಅಲ್ಲಿ ನಡೆಯಲಿಲ್ಲ. ಆ ಬದಿಯಿಂದಲೇ ಮತ್ತೊಬ್ಬಳು ಎದ್ದಳು. ಈ ಎರಡನೆಯವಳನ್ನು ಮೊದಲಿನ ಬದಿಗೆ ಒಯ್ದರೆ ಅಲ್ಲಿಯವರೂ ಒಪ್ಪಿಕೊಂಡರು. ಅಂದರೆ ಇಡಿಯ ಗೂಡಿಗೆ ನಿಜವಾದ ಉತ್ತರಾಧಿಕಾರಿ ಒಬ್ಬಳೇ. ಅವಳು ಬೇರೆ ಬದಿಯಲ್ಲಿ ಉಳಿದಾಗ ಮಾತ್ರ ಎರಡನೆಯ ಸರದಿಯವಳು ತಾತ್ಕಾಲಿಕವಾಗಿ ಮುಂದಾದಳು. ಎಲ್ಲಕ್ಕಿಂತ ಗಮನಾರ್ಹವಾದುದೆಂದರೆ, ನಿಜವಾದ ಉತ್ತರಾಧಿಕಾರಿಯ ಮೇಲೆ ಒಬ್ಬರೂ ಕೈಮಾಡಲಿಲ್ಲ. ಯಾರು ಮುಂದಿನವಳೆಂದು ಕಣಜಗಳು ಬಲ್ಲವು, ನಾವು ಅರಿಯೆವು.

೨೦೧೨ರಲ್ಲಿ ಅಲೋಕ್ ಬಂಗ್ ಮತ್ತು ಗದಗಕರ್ ಅವರು ಈ ಮಾತನ್ನು ಇನ್ನಷ್ಟು ಮುಂದೊಯ್ದರು. ರಾಣಿಯನ್ನು ತೆಗೆದು, ಆಮೇಲೆ ಎದ್ದವಳನ್ನೂ ತೆಗೆದು, ಅವಳ ಹಿಂದಿನವಳನ್ನೂ ತೆಗೆಯುತ್ತ ಹೋದರೆ, ಒಬ್ಬರ ಹಿಂದೆ ಒಬ್ಬರಂತೆ ಐವರವರೆಗೆ ಸರದಿಯವರು ಸಿಕ್ಕಿದರು. ಬಹಿರಂಗವಾದ ಕಲಹವಿಲ್ಲದೆಯೇ ಒಬ್ಬೊಬ್ಬರೂ ಪಟ್ಟಕ್ಕೆ ಬಂದರು. ಹಿರಿಯರಿಗೆ ಸರದಿ ಬೇಗ ಬರುವ ಒಲವು ಕಂಡಿತಾದರೂ ವಯಸ್ಸೊಂದೇ ನಿಯಮವೆನ್ನುವಂತಿರಲಿಲ್ಲ. ಅಣ್ಣತಮ್ಮಂದಿರು ಪಟ್ಟಕ್ಕಾಗಿ ಕಡಿದಾಡಿದ ಕಥೆಗಳಿಂದ ನಮ್ಮ ಚರಿತ್ರೆ ತುಂಬಿದೆ. ಈ ಸೂರಿನಡಿಯ ಸಿಂಹಾಸನದ ವರ್ಗಾವಣೆ ಎಷ್ಟು ಶಾಂತವಾದುದು!

ವಾಸನೆಯ ಮುದ್ರೆ

ಕುಳಿತಲ್ಲಿಂದ ಏಳದ ರಾಣಿ ತಾನು ಇರುವೆನೆಂಬುದನ್ನು ಹೇಗೆ ತಿಳಿಸುತ್ತಾಳೆ? ಕೀಟಗಳು ದೇಹದಿಂದ ಹೊರಸೂಸಿ, ತಮ್ಮ ಜಾತಿಯವರಿಗೆ ಸಂದೇಶ ಕೊಡುವ ರಾಸಾಯನಿಕಗಳಿಗೆ ೧೯೫೯ರಲ್ಲಿ ಫೆರೊಮೋನ್ ಎಂಬ ಹೆಸರು ಬಂದಿತು. ನಮ್ಮ ಕಣಜದ ರಾಣಿ ಆಗಾಗ ಹೊಟ್ಟೆಯ ತುದಿಯನ್ನು ಗೂಡಿನ ಮೇಲ್ಮೈಗೆ ಉಜ್ಜುತ್ತ ನಡೆಯುತ್ತಾಳೆ. ಕೊಂಡಿಯ ಬುಡದಲ್ಲಿರುವ ಡ್ಯೂಫೂರ್ ಗ್ರಂಥಿಯೆಂಬ ಅಂಗದ ರಸವನ್ನು ಹೀಗೆ ಬಳಿಯುತ್ತಾಳೆಂದು ಸಂಶೋಧಕರ ಅಭಿಪ್ರಾಯ. ರಾಣಿಯ ಗ್ರಂಥಿಯ ರಸಕ್ಕೂ ಕೆಲಸದವರ ರಸಕ್ಕೂ ಭೇದವಿದೆ. ರಾಣಿಯ ಗ್ರಂಥಿಯನ್ನು ಅರೆದು ಗೂಡಿಗೆ ಹಚ್ಚಿದಾಗ, ರಾಣಿಯಿಲ್ಲದಿದ್ದರೂ ಉತ್ತರಾಧಿಕಾರಿಯ ಉಗ್ರತೆ ತಗ್ಗಿತು. ಗೂಡಿನಲ್ಲಿ ಈ ವಾಸನೆಯ ಮುದ್ರೆ ಹಸಿಯಾಗಿರುವ ತನಕ ರಾಣಿ ಇದ್ದಾಳೆ. ಆರಿತೆಂದರೆ ಸ್ಥಾನ ತೆರವಾಗಿದೆ. ಬಲಪ್ರಯೋಗವಿಲ್ಲದ ಆಳ್ವಿಕೆಯ ಗುಟ್ಟು ಇದು.

ದುಡಿಮೆಯ ಲೆಕ್ಕ

ಈಗ ಮೂಲ ಪ್ರಶ್ನೆಗೆ ಬರೋಣ. ೧೯೬೪ರಲ್ಲಿ ಇಂಗ್ಲೆಂಡಿನ ಹ್ಯಾಮಿಲ್ಟನ್ ಎಂಬ ವಿಜ್ಞಾನಿಯು ಡಾರ್ವಿನನು ಬಾಕಿ ಬಿಟ್ಟಿದ್ದ ಲೆಕ್ಕವನ್ನು ಹಾಕಿಕೊಟ್ಟನು. ನಮ್ಮ ವಂಶವಾಹಿಗಳು ನಮ್ಮ ಮಕ್ಕಳಲ್ಲಿ ಮಾತ್ರವೇ ಇರುವುದಿಲ್ಲ, ಒಡಹುಟ್ಟಿದವರಲ್ಲಿಯೂ ಇರುತ್ತವೆ. ಆದುದರಿಂದ ಒಡಹುಟ್ಟಿದವರನ್ನು ಸಾಕುವುದೂ ಸ್ವಂತ ವಂಶವಾಹಿಗಳನ್ನು ಮುಂದೆ ಸಾಗಿಸುವ ಒಂದು ಮಾರ್ಗ.

ಇರುವೆ, ಜೇನು, ಕಣಜಗಳಲ್ಲಿ ಇದಕ್ಕೊಂದು ವಿಶೇಷ ಅನುಕೂಲವಿದೆ. ಅವುಗಳಲ್ಲಿ ಫಲಿತವಾದ ಮೊಟ್ಟೆಯಿಂದ ಹೆಣ್ಣು, ಫಲಿತವಾಗದ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ. ಗಂಡಿಗೆ ತಂದೆಯಿಲ್ಲ, ಅವನಲ್ಲಿರುವುದು ಒಂದೇ ಪಾಲು ವಂಶವಾಹಿ, ಅದನ್ನು ಹೆಣ್ಣುಮಕ್ಕಳಿಗೆಲ್ಲ ಇಡಿಯಾಗಿ ಕೊಡುತ್ತಾನೆ. ಹೀಗಾಗಿ ಒಬ್ಬನೇ ತಂದೆಯ ಅಕ್ಕತಂಗಿಯರಲ್ಲಿ ತಂದೆಯಿಂದ ಬಂದ ಅರ್ಧವೆಲ್ಲ ಸಮಾನ. ತಾಯಿಯಿಂದ ಬಂದ ಅರ್ಧದಲ್ಲಿ ಅರ್ಧ, ಎಂದರೆ ಕಾಲು ಭಾಗ, ಸಮಾನ. ಒಟ್ಟು ಮುಕ್ಕಾಲು. ತಾಯಿಗೂ ಮಗಳಿಗೂ ಇರುವ ಸಂಬಂಧ ಅರ್ಧವೇ. ಮಗಳಿಗಿಂತ ತಂಗಿಯೇ ಹತ್ತಿರದವಳೆಂದ ಮೇಲೆ ತಂಗಿಯನ್ನು ಸಾಕುವುದು ಲಾಭವೇ ಸರಿ.

ಲೆಕ್ಕ ಸೊಗಸಾಗಿದೆ. ಆದರೆ ಕಣಜಗಳು ಇದನ್ನು ಪಾಲಿಸಲಿಲ್ಲ. ಈ ಕಣಜದ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುತ್ತಾಳೆಂದು ೧೯೮೬ರಲ್ಲಿ ಬೆಂಗಳೂರಿನವರೇ ತೋರಿಸಿದರು. ತಂದೆ ಬೇರೆಯಾದ ಅಕ್ಕತಂಗಿಯರ ಸಂಬಂಧ ಕಾಲು ಭಾಗಕ್ಕೆ ಇಳಿಯುತ್ತದೆ. ಮೇಲಾಗಿ ಗೂಡಿನಲ್ಲಿ ರಾಣಿಯರು ಬದಲಾಗುತ್ತ ಹೋಗುವುದರಿಂದ ಕೆಲಸದವಳು ಸಾಕುವ ಮರಿಗಳು ಎಷ್ಟೋ ಸಲ ತಂಗಿಯರೂ ಅಲ್ಲ. ಅಕ್ಕನ ಮಕ್ಕಳು, ಚಿಕ್ಕಮ್ಮನ ಮಕ್ಕಳು, ಇನ್ನೂ ದೂರದವರು. ಮುಕ್ಕಾಲಿನ ಲಾಭ ಇಲ್ಲಿ ಕೈಗೆ ಹತ್ತಲಿಲ್ಲ. ಆದರೂ ಅವಳು ದುಡಿಯುತ್ತಾಳೆ.

ಹಾಗಾದರೆ ಲಾಭ ಬೇರೆ ಕಡೆ ಇರಬೇಕು. ೧೯೯೦ರಲ್ಲಿ ಗದಗಕರ್ ಅವರು ಅದನ್ನು ಮರಿ ಬೆಳೆಯುವ ಅವಧಿಯಲ್ಲಿ ತೋರಿಸಿಕೊಟ್ಟರು. ಮೊಟ್ಟೆ ಕಣಜವಾಗಲು ಸುಮಾರು ಎರಡು ತಿಂಗಳು ಬೇಕೆಂದು ಹಿಂದೆ ಹೇಳಿದೆವು. ಗೂಡಿನಲ್ಲಿ ಹೆಣ್ಣು ಕಣಜ ಉಳಿಯುವ ಸರಾಸರಿ ಕಾಲವಾದರೋ ಸುಮಾರು ಒಂದು ತಿಂಗಳು. ಒಂಟಿಯಾಗಿ ಗೂಡು ಕಟ್ಟಿದವಳು ಮೂವತ್ತನೆಯ ದಿನ ಹಲ್ಲಿಯ ಬಾಯಿಗೆ ಬಿದ್ದಳೆಂದುಕೊಳ್ಳಿ. ಅವಳ ಮರಿಗಳು ಅರ್ಧ ಬೆಳೆದಿವೆ, ಉಣಿಸುವವರಿಲ್ಲ. ಅರ್ಧ ಬೆಳೆದ ಮರಿಗೆ ಅರ್ಧ ಬೆಲೆಯಿಲ್ಲ, ಬೆಲೆಯೇ ಇಲ್ಲ. ಅವಳ ಒಂದು ತಿಂಗಳ ದುಡಿಮೆಯೆಲ್ಲ ಮಣ್ಣುಪಾಲು. ಅದೇ ಅವಳು ಹತ್ತು ಜನರ ಗೂಡಿನಲ್ಲಿದ್ದು ಮೂವತ್ತನೆಯ ದಿನ ಸತ್ತಿದ್ದರೆ? ಅವಳು ಉಣಿಸುತ್ತಿದ್ದ ಮರಿಗೆ ಮರುದಿನ ಮತ್ತೊಬ್ಬಳು ಉಣಿಸುತ್ತಾಳೆ. ಮೂವತ್ತು ದಿನದ ದುಡಿಮೆಗೆ ಮೂವತ್ತು ದಿನದ ಫಲ ಉಳಿಯಿತು. ಕೂಡಿ ಬಾಳುವವಳಿಗೆ ಪ್ರತಿಫಲದ ಭರವಸೆಯುಂಟು. ಒಂಟಿಗೆ ಎಲ್ಲ ಇಲ್ಲವೆ ಏನೂ ಇಲ್ಲ.

ಮಳೆಗೆ ಮುನ್ನ ಬಿತ್ತಿ, ಕುಯ್ಲಿಗೆ ಮುನ್ನ ತೀರಿಕೊಂಡ ರೈತನ ಹೊಲವನ್ನು ಅಣ್ಣತಮ್ಮಂದಿರು ನೋಡಿಕೊಂಡರೆ ಬೆಳೆ ಮನೆ ಸೇರುತ್ತದೆ. ನೋಡುವವರಿಲ್ಲದ ಹೊಲ ಹಕ್ಕಿಯ ಪಾಲು. ಒಕ್ಕಲುತನದ ಮನೆಗಳಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನೆರಡು ಸಂಗತಿಗಳನ್ನು ಇದರೊಡನೆ ಸೇರಿಸಬೇಕು. ಹುಟ್ಟಿದ ಹೆಣ್ಣುಗಳನ್ನು ಒಂದೊಂದಾಗಿ ಬೇರೆಯಿಟ್ಟು ಬೇಕಾದಷ್ಟು ಆಹಾರ ಕೊಟ್ಟು ನೋಡಿದಾಗ, ಅವುಗಳಲ್ಲಿ ಸುಮಾರು ಅರ್ಧ ಮಾತ್ರ ಗೂಡು ಕಟ್ಟಿ ಮೊಟ್ಟೆಯಿಟ್ಟವು. ಉಳಿದವು ಇಡದೆಯೇ ಸತ್ತವು. ಒಂಟಿಯಾಗಿ ಹೋದರೂ ಫಲವಿಲ್ಲದವಳಿಗೆ ಬಳಗದ ಮರಿಯನ್ನು ಸಾಕುವುದರಿಂದ ನಷ್ಟವೇನೂ ಇಲ್ಲ. ಫಲವುಳ್ಳವಳಿಗಾದರೋ, ಕಾದಿದ್ದರೆ ರಾಣಿಯ ಪಟ್ಟ ತನ್ನ ಸರದಿಗೆ ಬಂದೀತೆಂಬ ಅವಕಾಶ ಇದ್ದೇ ಇದೆ. ರಕ್ತಸಂಬಂಧ, ಪ್ರತಿಫಲದ ಭರವಸೆ, ಸ್ವಂತ ಅಶಕ್ತತೆ, ಮುಂದಿನ ಅವಕಾಶ ಇವೆಲ್ಲವೂ ಕೂಡಿ ತಕ್ಕಡಿಯನ್ನು ದುಡಿಮೆಯ ಕಡೆಗೆ ವಾಲಿಸುತ್ತವೆ. ಕಣಜ ಕುಳಿತು ಲೆಕ್ಕ ಹಾಕುತ್ತದೆಂದಲ್ಲ. ಲೆಕ್ಕಕ್ಕೆ ಹೊಂದಿದ ಸ್ವಭಾವದವು ಉಳಿದುಬಂದಿವೆ, ಅಷ್ಟೆ.

ಮತ್ತೆ ಸೂರಿನಡಿಗೆ

ಕಣಜದ ಗೂಡಿಗೆ ನಾವಲ್ಲದೆ ಬೇರೆ ಶತ್ರುಗಳೂ ಉಂಟು. ಅವರಲ್ಲಿ ಘೋರವಾದುದು ವೆಸ್ಪ ಟ್ರಾಪಿಕ ಎಂಬ ದೊಡ್ಡ ಕಣಜ. ಅದು ಬಂದಿಳಿದರೆ ಈ ಸಣ್ಣ ಕಣಜಗಳು ಎದುರು ನಿಲ್ಲಲಾರದೆ ಗೂಡು ಬಿಟ್ಟು ಚದುರುತ್ತವೆ. ಮರಿಗಳೆಲ್ಲ ಅದರ ಪಾಲಾಗುತ್ತವೆ. ಬೆಂಗಳೂರಿನ ಸಂಶೋಧಕರು ತಮ್ಮ ಗೂಡುಗಳಿಗಾಗಿ ಕಟ್ಟಿದ ಜಾಲರಿಯ ಮನೆಯ ಕಣ್ಣುಗಳನ್ನು, ಸಣ್ಣ ಕಣಜ ಹೋಗಿಬರುವಷ್ಟು, ಆದರೆ ಈ ದೊಡ್ಡದು ನುಗ್ಗಲಾರದಷ್ಟು ಅಳತೆಗೆ ಇಟ್ಟಿದ್ದಾರೆ.

ಇನ್ನು ಪಂಜಿನ ಮಾತು. ಈ ಕಣಜ ಕುಟುಕುವುದು ನಿಜ. ಆದರೆ ಸುಮ್ಮನೆ ಅಟ್ಟಿಸಿಕೊಂಡು ಬರುವುದಿಲ್ಲ. ಗೂಡನ್ನು ಅಲುಗಿಸಿದಾಗ, ಕೋಲಿಕ್ಕಿದಾಗ ಕುಟುಕುತ್ತದೆ. ಅದು ತನ್ನ ಮರಿಗಳಿಗೆಂದು ಹೊತ್ತು ತರುವ ಹಸಿರು ಹುಳಗಳಲ್ಲಿ ನಮ್ಮ ಹೊಲದ, ಹಿತ್ತಲಿನ ಗಿಡಗಳನ್ನು ಮೇಯುವವೂ ಸೇರಿವೆ. ಆದುದರಿಂದ ಕೊಟ್ಟಿಗೆಯ ಎತ್ತರದ ತೊಲೆಯಲ್ಲಿಯೋ, ಯಾರೂ ಸುಳಿಯದ ಗೋಡೆಯಲ್ಲಿಯೋ ಇರುವ ಗೂಡನ್ನು ಹಾಗೆಯೇ ಬಿಡುವುದು ಲೇಸು. ಬಾಗಿಲಲ್ಲಿ, ಮಕ್ಕಳ ಕೈಗೆ ಎಟುಕುವಲ್ಲಿ ಇದ್ದರೆ, ಅಥವಾ ಮನೆಯಲ್ಲಿ ಕಣಜ ಕುಟುಕಿದಾಗ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುವಂಥವರು ಇದ್ದರೆ, ಗೂಡನ್ನು ತೆಗೆಸಲೇಬೇಕು. ಅಂಥವರಿಗೆ ಒಂದು ಕುಟುಕೂ ಅಪಾಯ; ಕುಟುಕಿದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಉಳಿದವರೂ ಪಂಜನ್ನು ಹಂಚಿನ ಮನೆಯ ತೊಲೆಗೆ ಹಿಡಿಯುವ ಮುನ್ನ, ಸುಡುವುದು ಗೂಡೊಂದೇ ಆಗಿರಲಿಕ್ಕಿಲ್ಲವೆಂಬುದನ್ನು ನೆನೆಯುವುದು ಒಳ್ಳೆಯದು.

ಗೂಡನ್ನು ಉಳಿಸಿಕೊಂಡವರು ಒಂದು ಸಣ್ಣ ಅಭ್ಯಾಸವನ್ನು ಮಾಡಿ ನೋಡಬಹುದು. ನಾಲ್ಕೈದು ಮಾರು ದೂರದಲ್ಲಿ ಕುರ್ಚಿ ಹಾಕಿ, ದಿನಕ್ಕೆ ಅರ್ಧ ಗಂಟೆಯಂತೆ ಒಂದು ವಾರ ಕುಳಿತು, ಎಷ್ಟು ಹುಳುಗಳಿವೆ, ಎಷ್ಟು ಹೊರಗೆ ಹೋದವು, ತಿರುಗಿ ಬಂದುದರ ಬಾಯಲ್ಲಿ ಏನಿತ್ತು, ಅದನ್ನು ಯಾರು ಇಸಿದುಕೊಂಡರು ಎಂಬುದನ್ನು ನೋಟುಬುಕ್ಕಿನಲ್ಲಿ ಬರೆಯಿರಿ. ಬಣ್ಣ ಹಚ್ಚಲು ಮಾತ್ರ ಹೋಗಬೇಡಿ. ಅದು ಪಳಗಿದವರ ಕೆಲಸ. ಮೊದಲ ದಿನ ಎಲ್ಲವೂ ಒಂದೇ ಥರ ಕಾಣುವುವು. ವಾರ ಕಳೆಯುವಷ್ಟರಲ್ಲಿ, ಹೊರಗೆ ಹೋಗದೆ, ಯಾರೊಡನೆಯೂ ಜಗಳವಾಡದೆ, ಗೂಡಿನ ಮೇಲೆ ಹೊಟ್ಟೆಯನ್ನುಜ್ಜುತ್ತ ನಿಧಾನವಾಗಿ ನಡೆಯುವ ಒಬ್ಬಳು ನಿಮ್ಮ ಕಣ್ಣಿಗೆ ಬೀಳಬಹುದು. ಅವಳೇ ರಾಣಿ. ಅವಳ ನಂತರದವಳೂ ಅದೇ ಗೂಡಿನ ಮೇಲೆ, ನಿಮ್ಮ ಕಣ್ಣೆದುರಿನಲ್ಲಿಯೇ, ಎಲ್ಲರಂತೆ ದುಡಿಯುತ್ತಿರುತ್ತಾಳೆ. ಅವಳು ಯಾರೆಂದು ಕಣಜಗಳಿಗೆ ಮಾತ್ರ ಗೊತ್ತು.